ಕ್ಷಮಿಸಿದವಳು

ಬಾಚಣಿಗೆ ಬಲಗಿವಿಯ ಹಿಂದೆ ಬಂದು ನಿಂತುಬಿಟ್ಟಿತು. ಕಲ್ಲಿಸ್ತೆ ಉಸಿರು ಬಿಗಿಹಿಡಿದಳು. ಸಿಕ್ಕು ಇರಬೇಕು, ಅಷ್ಟೆ. ಆ ಮಗ್ಗುಲಿಗೇ ಒರಗಿ ಮಲಗುವ ಅಭ್ಯಾಸ ಅವಳದು, ಅಲ್ಲಿ ದಿನಾ ಸಿಕ್ಕಾಗುತ್ತದೆ. ಹಿಂದೆ ನಿಂತಿದ್ದ ಥಲ್ಲೂಸ ಜಗ್ಗಲಿಲ್ಲ. ಬೆರಳ ತುದಿಯಿಂದ ಗಂಟನ್ನು ಒಂದೊಂದೇ ಎಳೆಯಾಗಿ ಬಿಡಿಸಿ ಮತ್ತೆ ಬಾಚತೊಡಗಿದಳು. ಹದಿನಾರು ವರ್ಷದಿಂದ ಇದೇ ಕೈ, ಇದೇ ತಲೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಈ ಕೈ ತನ್ನನ್ನು ನೋಯಿಸಿಲ್ಲವೆಂಬುದು ಕಲ್ಲಿಸ್ತೆಗೆ ಮೊದಲೆಲ್ಲ ಹೆಮ್ಮೆಯ ವಿಷಯವಾಗಿತ್ತು. ನೆರೆಯ ಹೆಂಗಸರು ತಮ್ಮ ದಾಸಿಯರನ್ನು ಬೈಯುವಾಗ ಅವಳು ಸುಮ್ಮನೆ ನಕ್ಕು ತಲೆ ತೋರಿಸುತ್ತಿದ್ದಳು. ಈಚೆಗೆ ಮಾತ್ರ, ಒಮ್ಮೆಯಾದರೂ ಇವಳು ಕೂದಲು ಜಗ್ಗಬಾರದೇ, ನಾನು ಅಯ್ಯೋ ಎನ್ನಬಾರದೇ ಎಂದು ಕಾಯುವಂತಾಗಿದೆ. ಗೋಡೆಯ ಮೇಲಿದ್ದ ಕಂಚಿನ ಕನ್ನಡಿಯನ್ನು ಅವಳೇ ತೆಗೆಸಿದ್ದಳು, ದೀಕ್ಷಾಸ್ನಾನವಾದ ವಾರವೇ, ಇನ್ನು ನನಗೇಕೆ ಅಲಂಕಾರ ಎಂದು. ಅವಳು ಸೇರಿಕೊಂಡ ವಿಶ್ವಾಸಿಗಳ ಸಭೆಯವರು ಮೆಚ್ಚಿಕೊಂಡಿದ್ದರು. ಕನ್ನಡಿ ಇದ್ದಾಗ ಬಾಚುವವಳ ಮುಖ ಕಾಣುತ್ತಿತ್ತು. ಈಗ ಎದುರಿಗೆ ಸುಣ್ಣದ ಗೋಡೆ, ಕನ್ನಡಿ ತೂಗುಹಾಕಿದ್ದ ಮೊಳೆ. ಹಿಂದೆ ನಿಂತವಳು ಏನು ಮುಖ ಮಾಡಿಕೊಂಡು ಬಾಚುತ್ತಿದ್ದಾಳೋ ದೇವರಿಗೇ ಗೊತ್ತು.

"ಇವತ್ತು ಉದುರೋದು ಜಾಸ್ತಿ, ಅಮ್ಮಾವ್ರೆ," ಎಂದಳು ಥಲ್ಲೂಸ.

"ವಯಸ್ಸಾಯ್ತಲ್ಲ."

"ಅದಕ್ಕಲ್ಲ. ನಿದ್ದೆ ಕೆಟ್ಟರೆ ಉದುರುತ್ತೆ."

ನಿದ್ದೆ ಕೆಟ್ಟಿದ್ದು ಇವಳಿಗೆ ಹೇಗೆ ಗೊತ್ತಾಯಿತು. ದೇವರು ನಮ್ಮ ತಲೆಯ ಒಂದೊಂದು ಕೂದಲನ್ನೂ ಬಲ್ಲ, ಒಡತಿಯದ್ದಾಗಲಿ ತೊತ್ತಿನದ್ದಾಗಲಿ, ಎಂದು ಸಭೆಯ ಹಿರಿಯ ಸೋಸ್ತ್ರಾತ ಮೊದಲ ಸಲ ಹೇಳಿದ ದಿನ, ಮನೆಗೆ ಬಂದ ಮೇಲೆ ಇದೇ ಥಲ್ಲೂಸ ಬಾಚಣಿಗೆಯಲ್ಲಿ ಸಿಕ್ಕ ಉಂಡೆಯನ್ನು ಬಿಡಿಸುತ್ತ, "ಉದುರಿದ್ದೂ ಲೆಕ್ಕಕ್ಕೆ ಬರುತ್ತಾ ಅಮ್ಮಾವ್ರೆ, ಇಲ್ಲ ತಲೆ ಮೇಲಿರೋದು ಮಾತ್ರಾನಾ?" ಎಂದು ಕೇಳಿದ್ದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹೌದು, ಆಗ ಇಬ್ಬರೂ ಒಟ್ಟಿಗೆ ನಗುವುದಿತ್ತು. ಗಂಡ ಹೆರ್ಮೋನ್ ಹಾಸಿಗೆ ಹಿಡಿದು ಇನ್ನೂ ತಿಂಗಳಾಗಿರಲಿಲ್ಲ; ಆ ನಗುವಿಗೆ ತಾನೇ ಬೆಚ್ಚಿ ಬಾಯಿಗೆ ಸೆರಗು ಹಿಡಿದದ್ದು ಕಲ್ಲಿಸ್ತೆಗೆ ನೆನಪಿದೆ. ಬಾಚಣಿಗೆ ಆಗ ದಂತದ್ದು. ಈಗಿನದು ಮರದ್ದು. ಮೂರು ಚಳಿಗಾಲದಿಂದ ಮರದ್ದೇ. ಅದರ ಮೊಂಡು ಹಲ್ಲು ನೆತ್ತಿಗೆ ತಾಗಿದಾಗಲೆಲ್ಲ ಆ ಇನ್ನೊಂದು ಬಾಚಣಿಗೆ, ಅಮ್ಮ ಮದುವೆಯಲ್ಲಿ ಕೊಟ್ಟದ್ದು, ಹಿಡಿಯ ಮೇಲೆ ಎರಡು ಪಾರಿವಾಳ ಕೆತ್ತಿದ್ದು, ಒಳಕೋಣೆಯ ಪೆಟ್ಟಿಗೆಯ ತಳದಲ್ಲಿ, ಹೆರ್ಮೋನ್‌ನ ಕಂದು ಕಂಬಳಿಯ ಮಡಿಕೆಯಲ್ಲಿ ಮಲಗಿರುವುದು ಕಣ್ಣಿಗೆ ಕಟ್ಟುತ್ತದೆ. ಇನ್ನು ಕೆಲವೇ ಗಂಟೆ. ಹೊತ್ತು ಇಳಿಯುವಾಗ ಸಭೆ ಸೇರುತ್ತದೆ, ಇದೇ ಮನೆಯ ಅಟ್ಟದಲ್ಲಿ. ಇವತ್ತು ಕಲ್ಲಿಸ್ತೆಯ ಹೆಸರನ್ನು ವಿಧವೆಯರ ಸಾಲಿಗೆ, ಸಭೆ ಗೌರವದಿಂದ ಮುಂದೆ ಕೂರಿಸುವ ಹೆಂಗಸರ ಸಾಲಿಗೆ, ಸೇರಿಸುತ್ತಾರೆ. ಸೇರಿಸುವ ಮುಂಚೆ ಮನೆಯವರ ಮಾತು ಕೇಳುವುದು ಪದ್ಧತಿ: ಇವಳ ಮೇಲೆ ನಿಮ್ಮ ಮನಸ್ಸಿನಲ್ಲಿ ಏನಾದರೂ ಇದೆಯೇ? ಮಕ್ಕಳಿದ್ದವರಿಗೆ ಮಕ್ಕಳು ಹೇಳುತ್ತಾರೆ. ಕಲ್ಲಿಸ್ತೆಗೆ ಮಕ್ಕಳಿಲ್ಲ. ಮನೆಯಲ್ಲಿರುವುದು ಥಲ್ಲೂಸ ಒಬ್ಬಳೇ.

ಇವಳಿಗೆ ಗೊತ್ತಿದೆಯೇ, ಇಲ್ಲವೇ. ವಸಂತ ಕಾಲಿಟ್ಟ ಮೇಲೆ ಕಲ್ಲಿಸ್ತೆ ಬೇರೆ ಏನನ್ನೂ ಯೋಚಿಸಿಲ್ಲ. ನುಸಿ ಹಿಡಿಯುತ್ತದೆಂದು ವರ್ಷವರ್ಷವೂ ಈ ದಿನಗಳಲ್ಲಿ ಪೆಟ್ಟಿಗೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕುವುದುಂಟು. ಆ ಪೆಟ್ಟಿಗೆಯೊಂದನ್ನು ಮಾತ್ರ ತಾನೇ ತೆಗೆಯುತ್ತೇನೆಂದು ಹೇಳಿದ್ದಳು. ಆದರೆ ಒಂದು ದಿನ ಬಂದರಿನಲ್ಲಿ ಹಾಯಿಬಟ್ಟೆಯ ವ್ಯಾಪಾರಿಯೊಬ್ಬ ಕರೆಸಿದ, ಅವಳು ಹೋಗಿ ಬರುವಷ್ಟರಲ್ಲಿ ಅಂಗಳದ ಹಗ್ಗದ ಮೇಲೆ ಹೆರ್ಮೋನ್‌ನ ಕಂಬಳಿ ನೇತಾಡುತ್ತಿತ್ತು. ಥಲ್ಲೂಸ ಕೋಲಿನಿಂದ ಕಂಬಳಿಗೆ ಬಡಿಯುತ್ತಿದ್ದಳು. ಒಡತಿಯನ್ನು ನೋಡಿ ಕೋಲು ನಿಲ್ಲಿಸಲಿಲ್ಲ, ಜೋರಾಗಿಯೂ ಬಡಿಯಲಿಲ್ಲ. ಸಂಜೆ ಒಬ್ಬಳೇ ಪೆಟ್ಟಿಗೆ ತೆರೆದಾಗ ಬಾಚಣಿಗೆ ಅಲ್ಲೇ ಇತ್ತು, ಅದೇ ಕಂಬಳಿಯ ಮಡಿಕೆಯಲ್ಲಿ. ಆದರೆ ಪಾರಿವಾಳಗಳು ಒಳಮುಖವಾಗಿದ್ದವು. ಮೊದಲು ಹೊರಮುಖವಾಗಿದ್ದವೋ ಒಳಮುಖವಾಗಿದ್ದವೋ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲೊಲ್ಲದು. ಬಚ್ಚಿಡುವ ಅವಸರದಲ್ಲಿ ಯಾರು ತಾನೇ ಅದನ್ನೆಲ್ಲ ನೋಡುತ್ತಾರೆ.

"ಮುಗೀತು," ಎಂದಳು ಥಲ್ಲೂಸ. ಹೆಗಲ ಮೇಲಿನ ಬಟ್ಟೆ ತೆಗೆದು ಕಿಟಕಿಯ ಹೊರಗೆ ಕೊಡವಿದಳು. ಕೆಳಗೆ ಹಡಗುಕಟ್ಟೆಯಲ್ಲಿ ಯಾರೋ ಅರಗು ಕಾಯಿಸುತ್ತಿದ್ದ ವಾಸನೆ ಒಳಗೆ ನುಗ್ಗಿತು.

ಹೇಳಿಬಿಡಬಹುದಿತ್ತು. ಎಷ್ಟು ಸಲ ನಾಲಿಗೆಯ ತುದಿಗೆ ಬಂದು ಹಿಂದೆ ಸರಿದಿದೆ. ಬಾರ್ಲಿ ಗಂಜಿ ಮುಂದಿಟ್ಟುಕೊಂಡು ಕಲ್ಲಿಸ್ತೆ ಚಮಚೆಯಲ್ಲಿ ಅತ್ತಿತ್ತ ಕದಡುತ್ತ ಕೂತಳು. ಥಲ್ಲೂಸ ಕದ್ದಿದ್ದಾಳೆಂದು ಹೊರಿಸಿದ ಆರೋಪ ಬೇಕೆಂದು ಹೇಳಿದ ಸುಳ್ಳಲ್ಲ. ಆಗ ಅವಳು ನಿಜಕ್ಕೂ ಹಾಗೇ ನಂಬಿದ್ದಳು. ಬಾಚಣಿಗೆ ಕಾಣೆಯಾಗಿತ್ತು, ಅದನ್ನು ಮುಟ್ಟುವವಳು ಇವಳೊಬ್ಬಳೇ. ಇನ್ನು ಯಾರನ್ನು ಅನುಮಾನಿಸಬೇಕಿತ್ತು? ಅದೇ ಸಮಯಕ್ಕೆ ಥಲ್ಲೂಸಳಿಗೂ ದೀಕ್ಷೆ ಬೇಕಾಯಿತು. ದಾಸದಾಸಿಯರು ನೀರಿಗಿಳಿಯಬೇಕಾದರೆ ಒಡೆಯರು, ಅವರೂ ಸಭೆಯವರಾಗಿದ್ದರೆ, ಎದ್ದು ನಿಂತು ಇವರ ನಡತೆ ಒಳ್ಳೆಯದು ಎಂದು ಹೇಳಬೇಕು. ಹೇಳದಿದ್ದರೆ ಬಾಗಿಲಾಚೆಯ ಜಗಲಿಯೇ ಗತಿ. ಕಲ್ಲಿಸ್ತೆ ಹೇಳಲಿಲ್ಲ. ಒಂದು ವರ್ಷವಿಡೀ ಥಲ್ಲೂಸ ಜಗಲಿಯ ಮೇಲೆ, ದೀಕ್ಷೆಯಾಗದೆ ಬರೀ ಕೇಳುವವರ ಜೊತೆ ಕೂತಿದ್ದಳು. ಒಳಗಿನವರು ಒಟ್ಟಿಗೆ ಪವಿತ್ರ ರೊಟ್ಟಿ ಮುರಿಯುವ ಹೊತ್ತಿಗೆ ಅವಳ ಮುಖದ ಮೇಲೇ ಬಾಗಿಲು ಹಾಕುತ್ತಿದ್ದರು. ನಾನು ಮುಟ್ಟಿಲ್ಲ ಅಮ್ಮಾವ್ರೆ ಎಂದು ಮೊದಲ ಒಂದು ತಿಂಗಳು ಹೇಳಿದಳು. ಆಮೇಲೆ ಹೇಳುವುದನ್ನೇ ಬಿಟ್ಟಳು. ಮರುವರ್ಷದ ವಸಂತದಲ್ಲಿ ಒಂದು ಸಂಜೆ ಸಭೆಯ ಮಧ್ಯೆ ಬಂದು ನಿಂತು, "ಹೌದು, ನಾನೇ ಕದ್ದೆ, ಮಾರ್ಕೊಂಡೆ," ಎಂದಳು. ಎಲ್ಲರೂ ಕಲ್ಲಿಸ್ತೆಯತ್ತ ತಿರುಗಿದರು. ಅವಳಿಗೆ ಏನನ್ನಿಸಿತೋ, ಎದ್ದು ಹೋಗಿ ಥಲ್ಲೂಸಳನ್ನು ತಬ್ಬಿಕೊಂಡು, ಕ್ಷಮಿಸಿದ್ದೇನೆ, ಇವಳು ನನ್ನ ತಂಗಿ ಎಂದುಬಿಟ್ಟಳು. ಯಾರ ಕಣ್ಣೂ ಒಣಗಿರಲಿಲ್ಲ. ಸೋಸ್ತ್ರಾತ ಎರಡೂ ಕೈ ಮೇಲೆತ್ತಿ, ನೋಡಿ, ಇದನ್ನು ನೋಡಿ ಎಂದಷ್ಟೇ ಹೇಳಿದ. ಥಲ್ಲೂಸಳ ಮೈ ಮಾತ್ರ ತೋಳಿನಲ್ಲಿ ಮರದಂತೆ ಬಿಗಿದಿತ್ತು. ನಾಚಿಕೆಗಿರಬೇಕು ಎಂದುಕೊಂಡಿದ್ದಳು ಕಲ್ಲಿಸ್ತೆ.

ಅಲ್ಲಿಂದ ಅವಳ ಬದುಕೇ ಬೇರೆಯಾಯಿತು. ಅದಕ್ಕೆ ಮುಂಚೆ ಅವಳು ಯಾರು? ಹೆರ್ಮೋನ್‌ನ ಹೆಂಡತಿ. ಮಕ್ಕಳಾಗದವಳು. ಗಂಡನ ಅಕ್ಕತಂಗಿಯರು ಹಬ್ಬಕ್ಕೆ ಬಂದರೆ ಅವಳ ಹೊಟ್ಟೆಯ ಕಡೆ ಒಂದು ಸಲ ಕಣ್ಣು ಹಾಯಿಸಿ ಆಮೇಲೆ ಮುಖ ನೋಡುತ್ತಿದ್ದರು. ಗಂಡ ಸತ್ತ ಮೇಲೆ ಅದೂ ಇಲ್ಲ, ಬಂದರಿನವರಿಗೆ ಅವಳು ಹಾಯಿಬಟ್ಟೆಯ ಉಗ್ರಾಣದ ಬೀಗದ ಕೈ ಇಟ್ಟುಕೊಂಡ ಹೆಂಗಸು. ಆ ಸಂಜೆಯ ನಂತರ ಅವಳಿಗೊಂದು ಹೆಸರು ಬಂತು: ಕ್ಷಮಿಸಿದವಳು. ಕೊರಿಂಥದಿಂದ ಬಂದ ಅತಿಥಿಗಳಿಗೂ ಅವಳನ್ನು ಹಾಗೇ ತೋರಿಸುತ್ತಿದ್ದರು. ಹೊಸದಾಗಿ ಬಂದ ಹೆಂಗಸರು ತಮ್ಮ ಅತ್ತೆ, ನಾದಿನಿ, ಓರಗಿತ್ತಿಯರ ಮೇಲಿನ ಸಿಟ್ಟು ಹೊತ್ತು ಅವಳ ಬಳಿ ಬರುತ್ತಿದ್ದರು. ಅವಳು ಅವರ ಕೈ ಹಿಡಿದು ಮಾತಾಡುತ್ತಿದ್ದಳು, ಮಾತು ತಾನಾಗಿ ಬರುತ್ತಿತ್ತು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ದೇವರ ಕಣ್ಣಿಗೆ ನೀನೂ ಒಬ್ಬ ಮನುಷ್ಯಳೇ ಎಂದು ಯಾರೋ ಹೇಳಿದ್ದಕ್ಕೆ ಅವಳ ಬೆನ್ನು ನೆಟ್ಟಗಾಗಿತ್ತು. ಥಲ್ಲೂಸ ನೀರಿಗಿಳಿದು ಎರಡು ತಿಂಗಳಿಗೆ, ಚಳಿ ಹಿಡಿದ ಮುದುಕನೊಬ್ಬನಿಗೆ ಕೊಡೋಣವೆಂದು ಹೆರ್ಮೋನ್‌ನ ಕಂಬಳಿ ಬಿಚ್ಚಿದಳು. ಬಾಚಣಿಗೆ ಮಡಿಲಿಗೆ ಬಿತ್ತು. ಗಂಡನ ಹೆಣಕ್ಕೆ ತಲೆ ಬಾಚಿದ್ದು ತಾನೇ, ಯಾರನ್ನೂ ಹತ್ತಿರ ಬಿಡದೆ, ಆಮೇಲೆ ಅಳುತ್ತ ಅಳುತ್ತ ಅದನ್ನು ಅವನ ಕಂಬಳಿಯಲ್ಲೇ ಸುತ್ತಿಟ್ಟದ್ದು. ಆ ಗಳಿಗೆ ಪೂರ್ತಿ ಮರೆತೇ ಹೋಗಿತ್ತು. ಆವತ್ತು ಅವಳು ಮಧ್ಯಾಹ್ನದವರೆಗೆ ಅಲ್ಲೇ ನೆಲದ ಮೇಲೆ ಕೂತಿದ್ದಳು. ಸಂಜೆ ಹೇಳೋಣ ಎಂದುಕೊಂಡಳು. ಸಂಜೆ ಹಡಗಿನಿಂದ ಇಳಿದ ಮೂವರು ಅತಿಥಿಗಳ ಮುಂದೆ ಸೋಸ್ತ್ರಾತ ಮತ್ತೆ ಅದೇ ಕತೆ ಹೇಳಿದ. ಅವಳು ತಲೆ ತಗ್ಗಿಸಿ ಕೂತಿದ್ದಳು. ವಿನಯ ಎಂದುಕೊಂಡರು.

ಮುದುಕನಿಗೆ ಕೊಡಲು ಹೊಸ ಕಂಬಳಿ ತರಿಸಿದಳು.

"ಗಂಜಿ ಆರಿಹೋಯ್ತು," ಥಲ್ಲೂಸ ಬಾಗಿಲಲ್ಲಿ ನಿಂತಿದ್ದಳು, ತೋಳಿನ ಮೇಲೆ ಒಗೆದ ಬಟ್ಟೆ. "ಬಿಸಿ ಮಾಡಿ ತರ್ಲಾ?"

"ಬೇಡ. ಇಲ್ಲಿ ಬಾ. ಕೂತ್ಕೊ."

ಥಲ್ಲೂಸ ಬಂದಳು, ಕೂರಲಿಲ್ಲ. ಅವಳು ಕೂರುವುದಿಲ್ಲ. ನೀರಿಗಿಳಿದು ಬಂದ ಮೇಲೂ, ಅಟ್ಟದ ಮೇಲೆ ಸಭೆಯ ವಾಡಿಕೆಯಂತೆ ಸಮಾಧಾನದ ಮುತ್ತು ಕೊಡುವಾಗ ಕೆನ್ನೆಗೆ ಕೆನ್ನೆ ತಾಗಿಸಿದ ಮೇಲೂ, ಕೆಳಗೆ ಅಡಿಗೆಮನೆಯಲ್ಲಿ ಅವಳು ನಿಂತೇ ಇರುತ್ತಾಳೆ. ಕಲ್ಲಿಸ್ತೆಯೂ ಒತ್ತಾಯಿಸಿದವಳಲ್ಲ.

"ಇವತ್ತು ನಿನ್ನನ್ನ ಕೇಳ್ತಾರೆ."

"ಹೂಂ. ಸೋಸ್ತ್ರಾತಯ್ಯ ಹೇಳಿದ್ರು."

"ನಿನ್ನ ಮನಸ್ಸಲ್ಲಿ ಏನಿದ್ಯೋ ಅದನ್ನ ಹೇಳು. ನನಗೋಸ್ಕರ ಅಂತ ಏನೂ ಮಾಡ್ಬೇಡ."

"ಏನ್ ಹೇಳ್ಲಿ ಅಮ್ಮಾವ್ರೆ?"

"ಅದೇ ಹೇಳಿದ್ನಲ್ಲ. ಇರೋದನ್ನ."

"ಏನಿದೆ ಅಂತ ನೀವು ಹೇಳಿ, ಅದನ್ನೇ ಹೇಳ್ತೀನಿ."

ಕಲ್ಲಿಸ್ತೆ ಅವಳ ಮುಖ ನೋಡಿದಳು. ವ್ಯಂಗ್ಯವಿರಲಿಲ್ಲ. ಹದಿನಾರು ವರ್ಷ ಏನು ಅಡಿಗೆ ಮಾಡಲಿ, ಯಾವ ಉಡುಪು ತೆಗೆಯಲಿ ಎಂದು ಕೇಳುತ್ತಿದ್ದ ಅದೇ ದನಿ. ಈ ದನಿಯನ್ನು ಸೀಳಿ ಒಳಗೆ ಏನಿದೆ ಎಂದು ನೋಡಬೇಕೆಂಬ ಆಸೆಯಲ್ಲಿ ಕಲ್ಲಿಸ್ತೆಯ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ನಾನು ತಪ್ಪು ಮಾಡಿದ್ದೇನೆ, ಕ್ಷಮಿಸು, ಎಂದು ಈಗಲೇ ಅಂದುಬಿಟ್ಟರೆ? ಇವಳು ಏನನ್ನುತ್ತಾಳೆ? ಆಗಲಿ ಅಮ್ಮಾವ್ರೆ ಎನ್ನುತ್ತಾಳೆ. ಉಪ್ಪು ತಾ ಎಂದರೂ ಆಗಲಿ, ಕ್ಷಮಿಸು ಎಂದರೂ ಆಗಲಿ. ಇಲ್ಲ ಎನ್ನಲು ಬಾರದವಳ ಹತ್ತಿರ ಕೇಳಿ ಪಡೆದ ಕ್ಷಮೆ ಯಾವ ಕ್ಷಮೆ. ಅದೂ ಒಂದು ಕೆಲಸ ಹೇಳಿದಂತೆಯೇ. ಆದರೂ ಒಳಗೊಳಗೇ ಅವಳಿಗೆ ಬೇಕಾಗಿದ್ದೂ ಅದೇ ಎಂದು ಹೊಳೆದು ಮುಖ ಬಿಸಿಯಾಯಿತು. ಹೇಳಿಸಿಕೊಳ್ಳಬೇಕು, ಸಂಜೆಯೊಳಗೆ ಮುಗಿಸಬೇಕು, ಸುದ್ದಿ ಈ ಅಡಿಗೆಮನೆ ದಾಟಬಾರದು.

ಬಾಯಿಂದ ಬಂದದ್ದು ಬೇರೆಯೇ ಮಾತು. "ನಿನ್ನನ್ನ ಬಿಡುಗಡೆ ಮಾಡೋಣ ಅಂತ ಯೋಚನೆ ಮಾಡ್ತಿದ್ದೆ. ಬಹಳ ದಿನದಿಂದ."

ಥಲ್ಲೂಸ ತೋಳಿನ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡಳು.

"ಇವತ್ತಾ, ಅಮ್ಮಾವ್ರೆ?"

ಅಷ್ಟೇ ಕೇಳಿದ್ದು. ಕಲ್ಲಿಸ್ತೆಗೆ ಕಪಾಳಕ್ಕೆ ಹೊಡೆದಂತಾಯಿತು. ಗೊತ್ತಿದೆ, ಇವಳಿಗೆ ಎಲ್ಲ ಗೊತ್ತಿದೆ. ಅಥವಾ ಏನೂ ಗೊತ್ತಿಲ್ಲದೆ, ಬರೀ ಸಂತೋಷಕ್ಕೆ, ನಂಬಲಾರದೆ ಕೇಳಿದಳೋ. "ಇವತ್ತೇ ಅಂತಲ್ಲ," ಎಂದಳು ಕಲ್ಲಿಸ್ತೆ, "ಹೋಗು, ಅಟ್ಟ ಗುಡಿಸು." ಥಲ್ಲೂಸ ಹೋದಳು. ಏಣಿಯ ಮೆಟ್ಟಿಲು ಒಂದೊಂದಾಗಿ ಕಿರುಗುಟ್ಟಿದ್ದನ್ನು ಕಲ್ಲಿಸ್ತೆ ಮೈಯೆಲ್ಲ ಕಿವಿಯಾಗಿ ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ಕಸಬರಿಕೆಯ ಸದ್ದು ಬಂತು, ಎಂದಿನಂತೆ ನಿಧಾನವಾಗಿ.

ಹೊತ್ತು ಇಳಿಯುವ ಮೊದಲೇ ಬಂದವಳು ಮೆಲಿತೆ. ಕಟ್ಟೆಯ ಮೇಲೆ ಉಪ್ಪುಮೀನು ಮಾರುವವಳು. ವಿಧವೆಯರ ಸಾಲಿಗೆ ಸೇರಿ ಐದು ವರ್ಷವಾದರೂ ಬಾಯಿಯ ಉಪ್ಪು ಕಡಿಮೆಯಾಗಿರಲಿಲ್ಲ. ಒಂದು ಬುಟ್ಟಿ ಒಣ ಅಂಜೂರ ತಂದಿದ್ದಳು. "ಏನೇ ಇದು, ಹೊಸ ಮದುಮಗಳ ಥರ ಬೆವರ್ತಿದ್ದೀಯ," ಎಂದಳು. "ಸಾಲಿಗೆ ಸೇರೋದು ಅಂದ್ರೆ ಏನ್ ಮಹಾ. ಮೊದಲ ಸಾಲಲ್ಲಿ ಕೂತ್ಕೊಂಡು ತೂಕಡಿಸೋದಕ್ಕೆ ಆಗಲ್ಲ, ಅಷ್ಟೇ ಕಷ್ಟ."

"ನನ್ನನ್ನ ಸೇರಿಸ್ಕೊಳ್ಳದೇ ಹೋದ್ರೆ?"

"ನಿನ್ನನ್ನ? ನಿನ್ನನ್ನ ಬಿಟ್ಟು ನಮ್ಮಂಥವರನ್ನ ಸೇರಿಸ್ಕೊಂಡಿದ್ದೇ ದೊಡ್ಡದು. ನನ್ನ ಸರದಿ ಬಂದಾಗ ನನ್ನ ಸೊಸೆ ಎದ್ದು ನಿಂತು ಏನಂದ್ಲು ಗೊತ್ತಾ? ಇವಳ ಮೇಲೆ ನನಗಿರೋದನ್ನ ಹೇಳೋದಕ್ಕೆ ಹೋದ್ರೆ ಬೆಳಗಾಗುತ್ತೆ, ಅದಕ್ಕೆ ಏನೂ ಇಲ್ಲ ಅಂತ ಬರ್ಕೊಳ್ಳಿ, ಅಂದ್ಲು." ಮೆಲಿತೆ ನಕ್ಕಳು. "ನಿಂಗೆ ಆ ಭಯ ಇಲ್ಲ ಬಿಡು. ಥಲ್ಲೂಸ ಏನ್ ಹೇಳ್ತಾಳೆ ನಿನ್ನ ಮೇಲೆ, ನಿನ್ನ ಋಣದಲ್ಲಿರೋಳು."

ಅಟ್ಟದಲ್ಲಿ ಜನ ಸೇರಿದರು. ಇಪ್ಪತ್ತೈದು ಮೂವತ್ತು ಮಂದಿ, ಸುರುಳಿ ಸುತ್ತಿದ ಹಾಯಿಬಟ್ಟೆಗಳ ಮೇಲೆ, ನೆಲದ ಮೇಲೆ. ಹಗ್ಗ ಹೊಸೆಯುವವರು, ಹಮಾಲರು, ಸುಂಕದ ಕಟ್ಟೆಯ ಒಬ್ಬ ಗುಮಾಸ್ತ, ಬೆಳಗಿನಿಂದ ದುಡಿದ ಮೈಯ ಬೆವರಿನ ಜೊತೆಗೇ ಬಂದವರು. ಸೋಸ್ತ್ರಾತ ಹಾಯಿ ಹೊಲಿಯುವವನು. ದಬ್ಬಳ ಹಿಡಿದು ಹಿಡಿದು ಅವನ ಅಂಗೈ ಚರ್ಮ ಕೊರಡಾಗಿತ್ತು. ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದು ರೊಟ್ಟಿ ಮುಚ್ಚಿದ್ದ ಬಟ್ಟೆಯ ಅಂಚಿಗೆ ಮುಟ್ಟಿತ್ತು. ಪ್ರಾರ್ಥನೆಯಾಯಿತು. ಊರಿಂದೂರಿಗೆ ಬಂದ ಒಂದು ಕಾಗದ ಓದಿದರು, ಒಬ್ಬರನ್ನೊಬ್ಬರು ಹೇಗೆ ತಾಳಿಕೊಳ್ಳಬೇಕೆಂದು. ಕಲ್ಲಿಸ್ತೆಯ ಕಿವಿಗೆ ಒಂದು ಮಾತೂ ಬೀಳಲಿಲ್ಲ. ಗೋಡೆಗೊರಗಿ ನಿಂತಿದ್ದ ಥಲ್ಲೂಸಳ ತೋಳಿನ ಬಟ್ಟೆಗೆ ಒಂದು ಉದ್ದ ನರೆಗೂದಲು ಅಂಟಿಕೊಂಡಿತ್ತು. ಬೆಳಿಗ್ಗೆ ಅಂಟಿದ್ದು, ತನ್ನದೇ. ಬಿಸಿಲಿಗೆ ಅದು ಹೊಳೆಯುತ್ತಿತ್ತು. ಕಲ್ಲಿಸ್ತೆ ಅದನ್ನೇ ನೋಡುತ್ತ ಕೂತಳು.

"ನಮ್ಮ ಕಲ್ಲಿಸ್ತೆ ನಿಮಗೆಲ್ಲ ಗೊತ್ತಿರೋಳೇ," ಎಂದ ಸೋಸ್ತ್ರಾತ. "ನಾನು ಹೊಗಳೋದು ಬೇಡ. ಪದ್ಧತಿ ಪ್ರಕಾರ ಮನೆಯವರನ್ನ ಕೇಳ್ಬೇಕು. ಥಲ್ಲೂಸ, ಮಗಳೇ, ಮುಂದೆ ಬಾ. ಇವಳ ಮೇಲೆ ನಿನ್ನ ಮನಸ್ಸಲ್ಲಿ ಏನಾದ್ರೂ ಇದ್ಯಾ?"

ಥಲ್ಲೂಸ ಮುಂದೆ ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೆಳಗೆ ಹಡಗೊಂದನ್ನು ದಡಕ್ಕೆ ಎಳೆಯುತ್ತಿದ್ದವರ ಹೋ ಹೋ ಕೂಗು ಎರಡು ಸಲ ಕೇಳಿ ನಿಂತಿತು.

"ಅಯ್ಯಾ, ಒಂದು ಮಾತು ಕೇಳ್ತೀನಿ," ಎಂದಳು ಥಲ್ಲೂಸ. "ನಾನು ಇಲ್ಲೇ ನಿಂತು ಕಳ್ಳಿ ಅಂತ ಒಪ್ಕೊಂಡೋಳು. ಕಳ್ಳಿ ಸಾಕ್ಷಿ ನಿಮಗೆ ನಡೆಯುತ್ತಾ?"

ಸೋಸ್ತ್ರಾತ ಹುಬ್ಬು ಗಂಟಿಕ್ಕಿದ. "ಅದೆಲ್ಲ ಮುಗಿದ ಮಾತು ಮಗಳೇ. ನೀರಲ್ಲಿ ತೊಳೆದು ಹೋಯ್ತು. ಕಲ್ಲಿಸ್ತೇನೂ ಕ್ಷಮಿಸಿದಳು."

"ಹೌದು. ಅಮ್ಮಾವ್ರು ಕ್ಷಮಿಸಿದ್ರು." ಅವಳ ದನಿ ಅಡಿಗೆಮನೆಯಲ್ಲಿದ್ದಷ್ಟೇ ಮೆತ್ತಗಿತ್ತು. "ಅದಕ್ಕೇ ಮೊದಲು ಅವರನ್ನ ಕೇಳಿ. ನಾನು ಕಳ್ಳಿ ಹೌದೋ ಅಲ್ವೋ ಅವರು ಹೇಳ್ಲಿ. ಆಮೇಲೆ ನಾನು ಹೇಳ್ತೀನಿ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಮೆಲಿತೆ ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಎಲ್ಲರೂ ಕಲ್ಲಿಸ್ತೆಯತ್ತ ತಿರುಗಿದರು, ಆವತ್ತಿನಂತೆಯೇ, ಅದೇ ಮೆಚ್ಚುಗೆಯ ಕಣ್ಣುಗಳಿಂದ, ಈಗ ಇವಳು ಎದ್ದು ಮತ್ತೆ ಏನೋ ದೊಡ್ಡ ಮಾತು ಹೇಳುತ್ತಾಳೆ ಎಂದು ಕಾದು. ಅದು ಎಷ್ಟು ಸುಲಭವಿತ್ತು. ಹಳೆಯದನ್ನು ಯಾಕೆ ಕೆದಕುತ್ತೀ ತಂಗಿ, ನನ್ನ ಪಾಲಿಗೆ ನೀನು ಕಳ್ಳಿಯಲ್ಲ, ಎಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಎರಡನೇ ಸಲ ಕ್ಷಮಿಸಿದಂತಾಗುತ್ತಿತ್ತು, ಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ವಾಕ್ಯ ಪೂರ್ತಿಯಾಗಿ, ಅಲಂಕಾರ ಮಾಡಿಕೊಂಡು, ಅವಳ ಬಾಯೊಳಗೆ ಸಿದ್ಧವಾಗಿ ನಿಂತಿತ್ತು. ಥಲ್ಲೂಸ ಅವಳನ್ನು ನೋಡುತ್ತಿದ್ದಳು. ಇಷ್ಟು ವರ್ಷ ಬೆನ್ನ ಹಿಂದೆ ನಿಂತಿದ್ದ ಮುಖ ಈಗ ಎದುರಿಗಿತ್ತು, ಮೂರು ಮಾರು ದೂರದಲ್ಲಿ. ಅದರಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ದಣಿವು, ಬಾಗಿಲ ಹೊರಗೆ ಬಹಳ ಹೊತ್ತು ಕೂತವರದು. ಇವಳು ಎಲ್ಲ ಹೇಳಿಬಿಡಬಹುದಿತ್ತಲ್ಲ, ಎಂದು ಕಲ್ಲಿಸ್ತೆಗೆ ಹೊಳೆಯಿತು. ಪೆಟ್ಟಿಗೆ ಇದೆ, ಕಂಬಳಿ ಇದೆ, ಹೋಗಿ ನೋಡಿ ಎನ್ನಬಹುದಿತ್ತು. ಹೇಳಲಿಲ್ಲ. ನನಗೆ ಬಿಟ್ಟಳು. ನಡತೆ ಒಳ್ಳೆಯದು ಎಂಬ ಒಂದು ಮಾತಿಗಾಗಿ ವರ್ಷವಿಡೀ ನನ್ನ ಬಾಯಿ ನೋಡುತ್ತ ಕೂತಿದ್ದವಳು, ಈಗಲೂ ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ.

"ಅವಳು ಕದ್ದಿಲ್ಲ," ಎಂದಳು ಕಲ್ಲಿಸ್ತೆ. "ಬಾಚಣಿಗೆ ನನ್ನ ಹತ್ರಾನೇ ಇದೆ."

"ಏನು?"

"ನಾನೇ ಇಟ್ಟು ಮರ್ತಿದ್ದೆ. ಆಮೇಲೆ ಸಿಕ್ತು. ಹೇಳ್ಲಿಲ್ಲ."

"ಯಾವಾಗ ಸಿಕ್ತು?" ಸೋಸ್ತ್ರಾತ ಕೇಳಿದ.

"ಅವಳು ನೀರಿಗಿಳಿದು ಎರಡು ತಿಂಗಳಿಗೆ."

ಸುಂಕದ ಗುಮಾಸ್ತ ಕೆಮ್ಮಿದ. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೆಲಿತೆ ಮಾತ್ರ ತನಗೆ ತಾನೇ ಹೇಳಿಕೊಳ್ಳುವಂತೆ, "ನಾನು ಆವತ್ತು ಎಷ್ಟು ಅತ್ತೆ ಕಣೇ," ಎಂದಳು. ಅದು ಎಲ್ಲರಿಗೂ ಕೇಳಿಸಿತು. ಕಲ್ಲಿಸ್ತೆ ಕೂರಬೇಕೋ ನಿಲ್ಲಬೇಕೋ ತಿಳಿಯದೆ ಕೈಯನ್ನು ಹಾಯಿಬಟ್ಟೆಯ ಸುರುಳಿಯ ಮೇಲೆ ಊರಿಕೊಂಡಳು.

ಸೋಸ್ತ್ರಾತ ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಥಲ್ಲೂಸಳ ಕಡೆ ತಿರುಗಿದ. "ಹಾಗಾದ್ರೆ ನೀನು ಇಲ್ಲಿ ನಿಂತು ಕದ್ದೆ ಅಂದಿದ್ದು?"

"ಸುಳ್ಳು."

"ಸುಳ್ಳು ಹೇಳಿ ನೀರಿಗಿಳಿದ್ಯಾ ಮಗಳೇ?"

"ಹೂಂ."

"ಯಾಕೆ?"

"ನಿಜ ಹೇಳ್ದಾಗ ಒಂದು ವರ್ಷ ಹೊರಗೆ ಕೂರಿಸಿದ್ರಲ್ಲ," ಎಂದಳು ಥಲ್ಲೂಸ. "ಇನ್ನೇನ್ ಹೇಳಿದ್ರೆ ಒಳಗೆ ಬಿಡ್ತಿದ್ರಿ, ಅಯ್ಯಾ?"

ಸೋಸ್ತ್ರಾತ ಒಳ್ಳೆಯವನು, ಅದು ಕಲ್ಲಿಸ್ತೆಗೆ ಗೊತ್ತಿತ್ತು. ಒಳ್ಳೆಯವನಾದ್ದರಿಂದಲೇ ಕಟ್ಟಳೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವವನು. "ಕೇಳಿದವನು ನಾನೇ, ನಂಬಿದವನೂ ನಾನೇ," ಎಂದ. "ನನ್ನ ಪಾಲು ನಾನು ತೀರಿಸ್ಕೊಬೇಕು. ಆದ್ರೆ ಮನಸ್ತಾಪ ಇಟ್ಕೊಂಡು, ಸುಳ್ಳು ಇಟ್ಕೊಂಡು ಈ ರೊಟ್ಟಿ ಮುಟ್ಟೋ ಹಕ್ಕು ಯಾರಿಗೂ ಇಲ್ಲ. ಇಬ್ಬರೂ ಹೊರಗೆ ಕೂತ್ಕೊಳ್ಳಿ. ನಿಮ್ಮಿಬ್ಬರ ನಡುವೆ ಸರಿಹೋಗೋ ತನಕ."

ಇಬ್ಬರೂ. ಆ ಮಾತು ಕಲ್ಲಿಸ್ತೆಯ ಎದೆಗೆ ನಿಧಾನವಾಗಿ ಇಳಿಯಿತು. ಅವಳು ತನ್ನ ಸಾಲನ್ನು ಕಳೆದುಕೊಂಡಳು, ಹೆಸರನ್ನು ಕಳೆದುಕೊಂಡಳು, ಸರಿ. ಆದರೆ ಥಲ್ಲೂಸ? ಒಂದು ವರ್ಷ ಜಗಲಿ ಕಾದು, ಸುಳ್ಳು ಹೇಳಿ ಬಾಯಿ ಸುಟ್ಟುಕೊಂಡು ಗಳಿಸಿದ ತುಂಡು ರೊಟ್ಟಿ ಅವಳಿಗೂ ಹೋಯಿತು. ಅದು ಹೋಗುತ್ತದೆಂದು ಗೊತ್ತಿದ್ದೇ ಅವಳು ಬಾಯಿ ತೆರೆದಳು. ಏನೂ ಇಲ್ಲ ಅಯ್ಯಾ ಎಂದಿದ್ದರೆ ಈಗ ಒಳಗಿರುತ್ತಿದ್ದಳು, ಬಿಡುಗಡೆಯ ಮಾತೂ ಉಳಿಯುತ್ತಿತ್ತು. ಕಲ್ಲಿಸ್ತೆ ಹೇಗೋ ಮೆಟ್ಟಿಲಿಳಿದಳು. ತನ್ನದೇ ಮನೆಯ ತನ್ನದೇ ಬಾಗಿಲನ್ನು ದಾಟುವಾಗ ಕಾಲು ಎಡವಿತು. ಹಿಂದೆ ಥಲ್ಲೂಸ ಬರುತ್ತಿದ್ದ ಸದ್ದು ಕೇಳುತ್ತಿತ್ತು, ಎಂದಿನ ಎರಡು ಹೆಜ್ಜೆ ಹಿಂದೆ.

ಜಗಲಿಯ ಕಲ್ಲುಬೆಂಚಿನ ಮೇಲೆ ಕೇಳುವವರು ಇಬ್ಬರು ಕೂತಿದ್ದರು, ಸಾಲೊನಿಕದಿಂದ ಹೊಸದಾಗಿ ಬಂದ ಹಮಾಲ ಮತ್ತವನ ಹೆಂಡತಿ. ಒಳಗಿನ ಮಾತು ಇಲ್ಲಿಗೆ ಕೇಳಿಸಿರಲಿಲ್ಲವೋ, ಕೇಳಿಸಿಯೂ ಯಾರು ಯಾರೆಂದು ತಿಳಿಯಲಿಲ್ಲವೋ. ಹಮಾಲನ ಹೆಂಡತಿ ಸರಿದು ಜಾಗ ಮಾಡಿಕೊಟ್ಟಳು.

"ನೀವೂ ಹೊಸಬರಾ ಅಕ್ಕ?" ಎಂದು ಕಲ್ಲಿಸ್ತೆಯನ್ನು ಕೇಳಿದಳು.

ಕಲ್ಲಿಸ್ತೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಅವಳು ಕೂತಳು. ಥಲ್ಲೂಸ ಒಂದು ಕ್ಷಣ ನಿಂತಿದ್ದು, ಅಕ್ಕಪಕ್ಕ ನೋಡಿ, ಬೆಂಚಿನ ಮೇಲೆಯೇ ಕೂತಳು. ಒಡತಿಯ ಪಕ್ಕದಲ್ಲಿ. ಕೂರು ಎಂದು ಯಾರೂ ಹೇಳಿರಲಿಲ್ಲ. ಕಲ್ಲು ತಣ್ಣಗಿತ್ತು, ಮಧ್ಯದಲ್ಲಿ ಸವೆದು ಸ್ವಲ್ಪ ತಗ್ಗಾಗಿತ್ತು; ಥಲ್ಲೂಸಳಿಗೆ ಆ ತಗ್ಗು ಗೊತ್ತಿತ್ತು, ಅದರೊಳಗೆ ಸರಿಯಾಗಿ ಹೊಂದಿಕೊಂಡು ಕೂತಳು. ಹಿಂದೆಯೇ ಇಳಿದು ಬಂದಿದ್ದ ಮೆಲಿತೆ ಒಳಗಿನಿಂದ ಬಾಗಿಲು ಎಳೆದುಕೊಂಡಳು. ಎಳೆದುಕೊಳ್ಳುವಾಗ ಅವಳ ಕಣ್ಣು ಇಬ್ಬರ ಮೇಲೂ ಒಂದು ಗಳಿಗೆ ನಿಂತಿತು, ಆಮೇಲೆ ಅಗುಳಿ ಬಿತ್ತು. ಮೇಲೆ ಅಟ್ಟದಲ್ಲಿ ಎಲ್ಲರೂ ಒಟ್ಟಿಗೆ ಏಳುವ ಸದ್ದು, ಸಮಾಧಾನವಿರಲಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಗುಜುಗುಜು. ಇಲ್ಲಿಂದ ಹೀಗೆ ಕೇಳಿಸುತ್ತದೆ ಎಂದು ಕಲ್ಲಿಸ್ತೆಗೆ ಗೊತ್ತೇ ಇರಲಿಲ್ಲ. ಒಂದು ವರ್ಷ ಪ್ರತಿ ವಾರ ಇದನ್ನು ಇವಳು ಕೇಳಿದ್ದಾಳೆ. ಕಣ್ಣು ಉರಿಯಿತು, ಅಳಬಾರದು, ಇವಳ ಮುಂದೆ ಇನ್ನೊಂದು ಸಲ ಅಳಬಾರದು, ಎಂದು ತುಟಿ ಕಚ್ಚಿಕೊಂಡಳು. ಈಗಲಾದರೂ ಕೇಳಬೇಕು. ಈಗ ಯಾರೂ ನೋಡುತ್ತಿಲ್ಲ, ಯಾರೂ ಮೆಚ್ಚುವುದಿಲ್ಲ. ಇನ್ನು ಕಳೆದುಕೊಳ್ಳಲು ಏನೂ ಉಳಿದಿಲ್ಲ.

"ಥಲ್ಲೂಸ," ಎಂದಳು. "ನನ್ನನ್ನ ಕ್ಷಮಿಸ್ತೀಯಾ?"

ಥಲ್ಲೂಸ ತೋಳಿನ ಮೇಲಿದ್ದ ನರೆಗೂದಲನ್ನು ಆಗ ನೋಡಿದಳು. ಎರಡು ಬೆರಳಲ್ಲಿ ಹಿಡಿದು ಬಿಡಿಸಿ, ಗಾಳಿಗೆ ಬಿಟ್ಟಳು.

"ಇಲ್ಲ," ಎಂದಳು. "ಈಗ ಆಗಲ್ಲ."

ಅಮ್ಮಾವ್ರೆ ಎನ್ನಲಿಲ್ಲ. ಕಲ್ಲಿಸ್ತೆ ತಲೆಯಾಡಿಸಿದಳು. ಹದಿನಾರು ವರ್ಷದಲ್ಲಿ ಅವಳ ಕೂದಲು ಮೊದಲ ಸಲ ಜಗ್ಗಿದಂತಾಗಿತ್ತು. ನೋವು ನೆತ್ತಿಯಿಂದ ಹೊಟ್ಟೆಯವರೆಗೆ ಇಳಿಯಿತು. ಅವಳು ಅಯ್ಯೋ ಎನ್ನಲಿಲ್ಲ. ಬೆಂಚು ಕಿರಿದಾಗಿತ್ತು, ನಾಲ್ಕು ಜನಕ್ಕೆ ಸಾಲುತ್ತಿರಲಿಲ್ಲ. ಥಲ್ಲೂಸಳಿಗೆ ಇಕ್ಕಟ್ಟಾಗಬಾರದೆಂದು ಕಲ್ಲಿಸ್ತೆ ಅಂಚಿನ ಕಡೆಗೆ ಸ್ವಲ್ಪ ಸರಿದಳು. ಥಲ್ಲೂಸ ಹತ್ತಿರಕ್ಕೂ ಬರಲಿಲ್ಲ, ಎದ್ದೂ ಹೋಗಲಿಲ್ಲ. ಒಳಗೆ ರೊಟ್ಟಿ ಮುರಿಯುತ್ತಿದ್ದರು.